ಗುಂಪಿಗೆ ಹೆಸರು ಸೇರಿಸುವ ಮುನ್ನ
(ಹೊಳಲಿನಲ್ಲಿ ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಳಲಿಗೆ ಬಂದು ಅನಂತಶಯನ ಸ್ವಾಮಿಯನ್ನು ನೆನೆಯದೆ ಮಾತು ತೆಗೆಯುವುದು ಸರಿಯಲ್ಲ. ಹೊಸಪೇಟೆಯ ಪಕ್ಕದ ಅನಂತಶಯನಗುಡಿಯಲ್ಲಿ ಕೃಷ್ಣದೇವರಾಯರ ಕಾಲದಲ್ಲಿ, 1524ರಲ್ಲಿ, ದೊಡ್ಡ ಗುಡಿ ಎದ್ದಿತು. ಒಳಗೆ ಮಲಗಬೇಕಾದ ಸ್ವಾಮಿ ಮಾತ್ರ ಹೊಳಲು ಬಿಟ್ಟು ಬರಲಿಲ್ಲ ಎಂಬ ಹೇಳಿಕೆ ತಮಗೆಲ್ಲ ಗೊತ್ತು. ಗುಡಿ ಸಿದ್ಧ, ಸ್ವಾಮಿ ಇಲ್ಲ. ನಾವು ಮೊಬೈಲಿನಲ್ಲಿ ಕಟ್ಟಿಕೊಂಡಿರುವ ಗುಂಪುಗಳ ಕಥೆಯೂ ಹೆಚ್ಚು ಕಡಿಮೆ ಇದೇ.

2022ರಲ್ಲಿ ಚರ್ಮಗಂಟು ರೋಗ ಬಂದದ್ದು ತಾವು ಮರೆತಿರಲಾರಿರಿ. ಆಗ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕುತ್ತಿದ್ದರು. ಒಂದು ಊರಿಗೆ ಲಸಿಕೆ ಹಾಕುವವರು ಬರುವ ದಿನವನ್ನು ನಾನೇ ಗುಂಪಿನಲ್ಲಿ ತಿಳಿಸಿ ನಿಶ್ಚಿಂತನಾಗಿದ್ದೆ. ಎರಡೂ ಹೊತ್ತು ತಪ್ಪದೆ ಹಾಲು ಹಾಕುವ ಒಬ್ಬ ತಾಯಿ ಅಂದು ಆಕಳನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿದ್ದರು. ಸಂಜೆ ಸಿಕ್ಕಾಗ, "ನನಗ್ಯಾರೂ ಹೇಳ್ಲೇ ಇಲ್ಲಲ್ರೀ ಸಾಹೇಬ್ರ" ಎಂದರು. ಪಟ್ಟಿ ತೆಗೆದು ನೋಡಿದರೆ ಅವರ ಹೆಸರಿನ ಮುಂದೆ ಇದ್ದದ್ದು ಬೆಂಗಳೂರಿನಲ್ಲಿ ದುಡಿಯುವ ಮಗನ ನಂಬರು. ಕೆಲವು ದಿನಗಳಲ್ಲಿ ಆಕಳ ಮೈತುಂಬ ಗಂಟು ಎದ್ದವು. ಆಕಳು ಉಳಿಯಿತು, ಹಾಲು ಬತ್ತಿತು. ತಪ್ಪು ಆ ತಾಯಿಯದಲ್ಲ, ನನ್ನದು.

ಈಗ ಕೆಲವು ಕಾರ್ಯದರ್ಶಿಗಳು, ಹೆಸರುಗಳನ್ನು ಒಂದೊಂದಾಗಿ ಸೇರಿಸುವ ಬದಲು ಕಂಪ್ಯೂಟರಿನಿಂದಲೇ ಸೇರಿಸಬಹುದಲ್ಲ ಎಂದು ಕೇಳುತ್ತಿದ್ದಾರೆ. ಸೇರಿಸಬಹುದು. ಅದಕ್ಕೆ ಇರುವ ದಾರಿಗೆ ಎಪಿಐ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ನಮ್ಮ ಸಂಘದ ಕಿಟಕಿಯನ್ನು ನೆನೆಸಿಕೊಳ್ಳಿ. ಹಾಲು ತಂದವರು ಒಳಗೆ ನುಗ್ಗಿ ಯಂತ್ರ ಮುಟ್ಟುವುದಿಲ್ಲ. ಕಿಟಕಿಯ ಹೊರಗೆ ನಿಂತು ಸದಸ್ಯ ಸಂಖ್ಯೆ ಹೇಳುತ್ತಾರೆ, ಹಾಲು ಕೊಡುತ್ತಾರೆ, ಚೀಟಿ ಪಡೆಯುತ್ತಾರೆ. ಹಾಗೆಯೇ ನಮ್ಮ ಕಂಪ್ಯೂಟರ್ ಇನ್ನೊಂದು ಕಂಪನಿಯ ಕಂಪ್ಯೂಟರಿಗೆ, ನಿಗದಿಯಾದ ರೀತಿಯಲ್ಲಿ ಒಂದು ಕೋರಿಕೆ ಕೊಡುತ್ತದೆ: ಇಂಥ ಗುಂಪಿಗೆ, ಇಂಥವರನ್ನು ಸೇರಿಸಿ. ಉತ್ತರ ಚೀಟಿಯಂತೆ ವಾಪಸು ಬರುತ್ತದೆ.

ಗೂಗಲ್ ಚಾಟ್ ಎಂಬುದರಲ್ಲಿ ಈ ಗುಂಪಿಗೆ 'ಸ್ಪೇಸ್' ಎನ್ನುತ್ತಾರೆ. ಅಲ್ಲಿ ಒಂದು ಕೋರಿಕೆಗೆ ಒಬ್ಬರೇ ಸದಸ್ಯರು. ನೂರು ಜನರಿದ್ದರೆ ನೂರು ಕೋರಿಕೆ. ಪ್ರೋಗ್ರಾಮು ಬರೆದಿಟ್ಟರೆ ಅದೇ ಸಾಲಾಗಿ ಕಳಿಸುತ್ತದೆ. ಒಮ್ಮೆಲೇ ಸುರಿದರೆ 'ತುಂಬಾ ಆಯಿತು, ನಿಧಾನಿಸಿ' ಎಂದು 429 ಎಂಬ ಸಂಖ್ಯೆ ಬರುತ್ತದೆ. ಸೇರಿಸುವ ಅಧಿಕಾರ ನಮಗಿಲ್ಲದಿದ್ದರೆ 403 ಬರುತ್ತದೆ. ಇವು ಬಂದರೆ ಗಾಬರಿ ಬೇಡ, ಓದಿದರೆ ಸಾಕು.

ಓದದೇ ಬಿಡುವ ಉತ್ತರ ಇನ್ನೊಂದಿದೆ. ಕೋರಿಕೆ ಸರಿಯಾಗಿ ಹೋಗಿದ್ದರೂ ಸದಸ್ಯರ ಸ್ಥಿತಿ 'ಸೇರಿದ್ದಾರೆ' ಎಂದೂ ಬರಬಹುದು, 'ಆಹ್ವಾನಿಸಲಾಗಿದೆ' ಎಂದೂ ಬರಬಹುದು. ಆ ವ್ಯಕ್ತಿ ತಾನಾಗಿ ಒಪ್ಪಿಕೊಳ್ಳುವ ವ್ಯವಸ್ಥೆಯನ್ನು ಮುಚ್ಚಿಟ್ಟಿದ್ದರೆ, ಅವರು ಒಪ್ಪುವ ತನಕ ಒಳಗೆ ಬಂದಂತಲ್ಲ. ಮೇಲ್ನೋಟಕ್ಕೆ ನೂರೂ ಕೋರಿಕೆ ಸಫಲ. ಎಣಿಸಿದರೆ ಗುಂಪಿನಲ್ಲಿ ಅರವತ್ತೇ ಮಂದಿ ಇರಬಹುದು. ಉಳಿದವರಿಗೆ ಲಸಿಕೆಯ ದಿನ ತಿಳಿಯುವುದು ಹೇಗೆ? ಮತ್ತೆ ಆ ಆಕಳ ಕಥೆಯೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗೂಗಲ್ ಚಾಟಿನ ಎಪಿಐ ಬಳಸಲು ಸಂಸ್ಥೆಯ ಹೆಸರಿನ ಹಣ ಕಟ್ಟುವ ಖಾತೆ ಬೇಕು, ಸದಸ್ಯರಿಗೆ ಇ-ಮೇಲ್ ವಿಳಾಸವೂ ಬೇಕು. ಇದು ಒಕ್ಕೂಟದ ಸಿಬ್ಬಂದಿಗೆ, ಹೆಚ್ಚೆಂದರೆ ಕಾರ್ಯದರ್ಶಿಗಳಿಗೆ ಒಪ್ಪುವ ಏರ್ಪಾಡು. ಹಾಲು ಹಾಕುವ ರೈತರ ಕೈಯಲ್ಲಿರುವುದು ವಾಟ್ಸಾಪ್. ಅಲ್ಲಿ ಗುಂಪೊಂದಕ್ಕೆ 1,024 ಜನರ ಮಿತಿ 2022ರಲ್ಲಿ ಬಂತು. ನಮ್ಮ ಯಾವ ಸಂಘಕ್ಕೂ ಅದು ಸಾಲದೆಂದು ಇಲ್ಲ. ಆದರೆ ನೂರಾರು ನಂಬರುಗಳನ್ನು ತಾನೇ ತುರುಕುತ್ತೇನೆ ಎಂದು ಪೇಟೆಯಲ್ಲಿ ಮಾರುವ ಕಳ್ಳ ತಂತ್ರಾಂಶಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಅದು ಆ ಕಂಪನಿಯ ನಿಯಮಕ್ಕೆ ವಿರುದ್ಧ. ಸಂಘದ ನಂಬರೇ ಬಂದಾದರೆ ಮರುದಿನ ದರದ ವಿಷಯ ತಿಳಿಸಲೂ ದಾರಿ ಇರುವುದಿಲ್ಲ. ಸೇರುವ ಕೊಂಡಿಯನ್ನು ಕಳಿಸಿ, ಇಲ್ಲವೇ ಅದರ ಚೌಕದ ಗುರುತನ್ನು ಮುದ್ರಿಸಿ ಕಿಟಕಿಯ ಪಕ್ಕ ಅಂಟಿಸಿ. ಬೇಕಾದವರು ತಾವೇ ಬರುತ್ತಾರೆ.

ತಾಯಂದಿರ ವಿಷಯ ಒಂದಿಷ್ಟು ಹೇಳಬೇಕು. ಸಾಧಾರಣ ಗುಂಪಿಗೆ ಸೇರಿಸಿದರೆ ಅವರ ನಂಬರು ಊರಿನ ಎಲ್ಲರಿಗೂ ಕಾಣುತ್ತದೆ. ಬೇಡವೆನ್ನುವ ಹೆಣ್ಣುಮಕ್ಕಳಿಗೆ ಕಾರಣ ಕೇಳಬೇಡಿ. ವಾಟ್ಸಾಪಿನಲ್ಲಿ 2022ರಿಂದ 'ಕಮ್ಯುನಿಟಿ' ಎಂಬ ಏರ್ಪಾಡಿದೆ. ಅದರ ಪ್ರಕಟಣೆಯ ಗುಂಪಿನಲ್ಲಿ ಸದಸ್ಯರ ನಂಬರು ಇತರ ಸದಸ್ಯರಿಗೆ ಕಾಣದು, ನಡೆಸುವವರಿಗಷ್ಟೇ ಕಾಣುತ್ತದೆ. ಅದನ್ನೇ ಬಳಸಿ. ನಂಬರನ್ನು ಯಾವ ಕೆಲಸಕ್ಕೆ ಪಡೆಯುತ್ತೇವೆಂದು ಹೇಳಿ ಒಪ್ಪಿಗೆ ಕೇಳಬೇಕೆಂಬುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಹೌದು. ಬರೀ ಗುಂಡಿ ಫೋನು ಇರುವವರಿಗೆ ಧ್ವನಿವರ್ಧಕ, ಕಿಟಕಿಯ ಬಳಿಯ ಕಪ್ಪು ಹಲಗೆ ಇದ್ದೇ ಇವೆ. ಅವನ್ನು ಅಟ್ಟಕ್ಕೆ ಹಾಕಬೇಡಿ.

ಎಲ್ಲಕ್ಕೂ ಮೊದಲು ಪಟ್ಟಿ ಸರಿಯಾಗಬೇಕು. ನಮ್ಮ ಕಡೆ ಒಂದೇ ಸಂಘದಲ್ಲಿ ನಾಲ್ಕು ಮೈಲಾರಪ್ಪ, ಐದು ನಿಂಗಮ್ಮ ಇರುತ್ತಾರೆ. ಹೆಸರು ಹಿಡಿದು ಸೇರಿಸಿದರೆ ಯಂತ್ರಕ್ಕೆ ಯಾರೆಂದು ತಿಳಿಯದು; ಸದಸ್ಯ ಸಂಖ್ಯೆಯನ್ನೇ ಆಧಾರ ಮಾಡಿಕೊಳ್ಳಿ. ಅದರ ಮುಂದೆ ಷೇರು ಯಾರ ಹೆಸರಿನಲ್ಲಿದೆ, ದಿನವೂ ಹಾಲು ಹಾಕುವವರು ಯಾರು, ಫೋನು ಯಾರ ಕೈಯಲ್ಲಿರುತ್ತದೆ ಎಂಬ ಮೂರೂ ಬೇರೆಬೇರೆ ಮನೆಗಳಲ್ಲಿ ಬರೆಯಿರಿ. ಹಾಲು ಹಾಕುವುದು ಬಿಟ್ಟವರನ್ನು ತೆಗೆಯುವಾಗ ಸದಸ್ಯತ್ವವೇ ಹೋಯಿತೆಂದು ಅವರು ತಿಳಿಯದಂತೆ ಹೇಳಿ. ಗುಂಪಿನಿಂದ ಹೊರಗಾದರೂ ಅವರ ಷೇರು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಈ ಗೊಂದಲದಿಂದ ಜಗಳವಾದದ್ದನ್ನು ಕಂಡಿದ್ದೇನೆ.

ಮುಂದಿನ ಬಟವಾಡೆಯ ದಿನ ಎಲ್ಲರೂ ಕಿಟಕಿಗೆ ಬರುತ್ತಾರೆ. ಅಂದು ಒಬ್ಬೊಬ್ಬರನ್ನೇ ಕೇಳಿ ತುಂಬಿಕೊಳ್ಳಲು ಗೆರೆ ಹಾಕಿದ ಹಾಳೆಗಳನ್ನು ತಂದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿವೆ, ಹೋಗುವಾಗ ತೆಗೆದುಕೊಳ್ಳಿ.