ಮನೆಯೊಳಗಿನ ದಾಸೋಹ



ದಾಸೋಹವೆಂದರೆ ಮಠದಲ್ಲಿ ಪಂಕ್ತಿ ಹಾಕಿ ಉಣಬಡಿಸುವುದೆಂದಷ್ಟೇ ಹಲವರು ತಿಳಿದಿದ್ದಾರೆ. ಅದು ಎಲ್ಲಿಂದ ಆರಂಭವಾಗಬೇಕೆಂಬುದನ್ನು ನಮಗೆ ವೃದ್ಧ ತಾಯಿಯೊಬ್ಬರು ಕಲಿಸಿದರು. ಆ ಪ್ರಸಂಗವನ್ನೇ ಇಂದು ನಿಮ್ಮ ಮುಂದಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ಪಾದಪೂಜೆಗೆಂದು ನಮ್ಮನ್ನು ಮನೆಗೆ ಬರಮಾಡಿಕೊಂಡರು. ಮಠದ ದಾಸೋಹಕ್ಕೆ ವರ್ಷವರ್ಷವೂ ರಾಗಿ, ಅಕ್ಕಿ ಕೊಡುವ ಮನೆ. "ತಾಯಿಯವರು ಎಲ್ಲಿ?" ಎಂದೆವು. "ಹಿಂದಿನ ಕೋಣೆಯಲ್ಲಿದ್ದಾರೆ ಬುದ್ಧಿ. ಅರಳುಮರಳು. ಜನರ ಮುಂದೆ ಏನಾದರೂ ಅಂದುಬಿಡುತ್ತಾರೆ" ಎಂದರು. ನಾವೇ ಎದ್ದು ಒಳಗೆ ಹೋದೆವು. ಕತ್ತಲೆ ಕೋಣೆ. ತಾಯಿಯ ನಾಲಗೆ ಒಣಗಿತ್ತು. "ನೀರು ಕುಡಿಯಬಾರದೇನವ್ವಾ?" ಎಂದು ಕೇಳಿದೆವು. "ಕುಡಿದರೆ ರಾತ್ರಿ ಏಳಬೇಕು ಬುದ್ಧಿ. ಕಣ್ಣು ಕಾಣೋದಿಲ್ಲ. ಹಿತ್ತಲಿಗೆ ಹೋಗೋವಾಗ ಒಂದು ಸಾರಿ ಬಿದ್ದೆ. ಯಾರನ್ನ ಎಬ್ಬಿಸಲಿ?" ಎಂದರು.

ಅದೇ ಮನೆಗೆ ನಾವು ಹಿಂದೆ ಎರಡು ಸಾರಿ ಹೋಗಿದ್ದೆವು. ಪೂಜೆ ಮಾಡಿಸಿಕೊಂಡು ಬಂದಿದ್ದೆವು. ಆ ತಾಯಿಯನ್ನು ವಿಚಾರಿಸಿರಲಿಲ್ಲ. ತಪ್ಪು ಮಗನದಷ್ಟೇ ಅಲ್ಲ, ನಮ್ಮದೂ ಹೌದು.

ಮರುದಿನವೇ ವೈದ್ಯರಿಗೆ ತೋರಿಸಿದರು. ಮೈಯಲ್ಲಿ ನೀರು ಕಡಿಮೆಯಾಗಿ, ಮೂತ್ರದ ಸೋಂಕೂ ಸೇರಿ ತಾಯಿಗೆ ಮಂಕು ಕವಿದಿತ್ತು. ವಯಸ್ಸಾದವರಲ್ಲಿ ಇದು ಅಪರೂಪವಲ್ಲ. ಎಷ್ಟೋ ಬಾರಿ ಜ್ವರವೂ ಇರದು, ಗಲಿಬಿಲಿಯೊಂದೇ ಕಾಣುತ್ತದೆ. ನಾವು ಅದನ್ನು ಅರಳುಮರಳೆಂದು ಕೈಬಿಡುತ್ತೇವೆ. ಕಣ್ಣಿನ ಪೊರೆಯನ್ನೂ ತೆಗೆಸಿದರು. ಮಗ ಮಂಚದ ಬಳಿ ದೀಪ ಹಾಕಿಸಿದರು, ಬಚ್ಚಲ ಗೋಡೆಗೆ ಹಿಡಿಕೆ ಕೂರಿಸಿದರು. ಎರಡು ತಿಂಗಳ ಮೇಲೆ ಆ ತಾಯಿ ಮಠಕ್ಕೆ ಬಂದು, ನಮ್ಮ ಮುಖ ದಿಟ್ಟಿಸಿ, "ಬುದ್ಧಿಯೋರಿಗೂ ವಯಸ್ಸಾಯ್ತಲ್ಲ" ಎಂದು ನಕ್ಕರು.

ಎಲ್ಲ ಮರೆವೂ ಹೀಗೆ ವಾಸಿಯಾಗುವುದಿಲ್ಲ. ಡಿಮೆನ್ಷಿಯಾ ಎಂಬ ಮರೆವಿನ ರೋಗವನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಅಲ್ಲಿ ಬೇಕಾದದ್ದು ತಾಳ್ಮೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರ ಹೇಳಬೇಕು. ಆ ಭಾರವನ್ನೆಲ್ಲ ಸೊಸೆಯೊಬ್ಬಳ ಹೆಗಲಿಗೆ ಹೊರಿಸಿ ಗಂಡುಮಕ್ಕಳು ಜಗುಲಿಯ ಮೇಲೆ ಕೂರುವುದು ಧರ್ಮವಲ್ಲ.

ಇದು ಒಂದು ಮನೆಯ ಮಾತಲ್ಲ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಮಕ್ಕಳು ಪಟ್ಟಣ ಸೇರಿದ್ದಾರೆ. ಎಷ್ಟೋ ಮನೆಗಳಲ್ಲಿ ಮುದುಕ ಮುದುಕಿಯರಷ್ಟೇ ಉಳಿದಿದ್ದಾರೆ. ತಂದೆತಾಯಿಗಳ ಪೋಷಣೆಗೆಂದು 2007ರಲ್ಲಿ ಕಾಯಿದೆಯೇ ಬಂದಿತು. ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಆದರೆ ಕಾಯಿದೆ ಜೀವನಾಂಶ ಕೊಡಿಸೀತು. ನೀರಿನ ಲೋಟ ಹಿಡಿದು ಪಕ್ಕದಲ್ಲಿ ಕೂರಲಾರದು.

ಶರಣರು ಈ ದೇಹದಲ್ಲಿಯೇ ದೇವಾಲಯವನ್ನು ಕಂಡರು. ಗುಡಿ ಹಳೆಯದಾಯಿತೆಂದು ಯಾರಾದರೂ ಅದರ ದೀಪ ಆರಿಸುತ್ತಾರೆಯೇ?

ಇಂದು ಮನೆಗೆ ಹೋದವರು ಮೊದಲು ಹಿರಿಯರ ಕೋಣೆಗೆ ಹೋಗಿ. ತಂಬಿಗೆಯಲ್ಲಿ ನೀರಿದೆಯೇ, ದೀಪ ಉರಿಯುತ್ತದೆಯೇ ನೋಡಿ. "ರಾತ್ರಿ ನನ್ನನ್ನು ಎಬ್ಬಿಸವ್ವಾ" ಎಂದು ಹೇಳಿ. ಮಠಕ್ಕೆ ಕೊಡುವ ರಾಗಿ ಆಮೇಲೆ ಬರಲಿ.