ಕುದುರೆಯ ಆರೈಕೆ ಮತ್ತು ಸವಾರಿ



1948ರಲ್ಲಿ ಜಯನಗರದ ಬಡಾವಣೆ ಆರಂಭವಾದಾಗ ಬೆಂಗಳೂರಿನ ಸಾಮಾನ್ಯ ಗೃಹಸ್ಥನಿಗೆ ಜಟಕಾಬಂಡಿಯೇ ವಾಹನವಾಗಿತ್ತು. ಕುದುರೆ ಬೆದರುವುದು, ಮುಗ್ಗರಿಸುವುದು, ದಣಿಯುವುದು ಅಂದಿನ ಮಕ್ಕಳಿಗೂ ತಿಳಿದಿದ್ದ ಸಂಗತಿ. ಈಗ ಜಯನಗರ, ಬನಶಂಕರಿಗಳಲ್ಲಿ ಕುದುರೆ ಕಾಣಸಿಗುವುದು ಬಹುಮಟ್ಟಿಗೆ ಮದುವೆಯ ಮೆರವಣಿಗೆಯಲ್ಲಿ. ಊರಾಚೆ ಹಳ್ಳಿದಾರಿಗಳಲ್ಲಿ ಸವಾರಿ ಮಾಡಬೇಕೆಂಬ ತರುಣರೂ ಉಂಟು. ಬಳಕೆ ತಪ್ಪಿದೊಡನೆ ತಿಳಿವಳಿಕೆಯೂ ತಪ್ಪಿತು, ಅಪಾಯವಿರುವುದು ಅಲ್ಲಿಯೇ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. 1918ನೆಯ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ ಪಡೆಯು ಜೋಧಪುರದವರೊಡಗೂಡಿ ಹೈಫಾ ಪಟ್ಟಣವನ್ನು ಹಿಡಿಯಿತು. ಆ ದಾಳಿಯ ಕೀರ್ತಿಯನ್ನು ಹೇಳುವವರು ಅನೇಕರು. ದಿನವೂ ಆ ಕುದುರೆಗಳ ಗೊರಸು ಕೆರೆದು ಮೈ ಉಜ್ಜಿದವರನ್ನು ನೆನೆಯುವವರು ವಿರಳ.

ಮೊದಲು ಹೊಟ್ಟೆಯ ವಿಚಾರ. ಇಷ್ಟು ದೊಡ್ಡ ಪ್ರಾಣಿಗೆ ಜಠರವು ಬಹು ಚಿಕ್ಕದು. ಅಲ್ಲದೆ ಕುದುರೆಗೆ ವಾಂತಿಮಾಡುವ ಶಕ್ತಿಯಿಲ್ಲ. ತಿಂದದ್ದು ಒಗ್ಗದಿದ್ದರೆ ಹೊರಹಾಕುವ ದಾರಿಯೇ ಇಲ್ಲವೆಂದಾಯಿತು. ಆದಕಾರಣ ಹುಲ್ಲು ಹೆಚ್ಚಾಗಿಯೂ ಹುರುಳಿ ಮಿತವಾಗಿಯೂ ಇರತಕ್ಕದ್ದು. ಹುರುಳಿಯನ್ನು ನೆನೆಸಿ ಇಲ್ಲವೆ ಬೇಯಿಸಿ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಮೆರವಣಿಗೆಯ ಕುದುರೆಗೆ ಸಿಹಿತಿಂಡಿ ತಿನ್ನಿಸುವ ನಮ್ಮ ಜನರ ಔದಾರ್ಯವನ್ನು ನಾನಂತೂ ಮೆಚ್ಚಲಾರೆ. ಹೊಟ್ಟೆತುಂಬ ಕಾಳು ತಿಂದೊಡನೆ ಓಡಿಸುವುದೂ ಸಲ್ಲದು.

ಇನ್ನು ಕಣ್ಣು. ತಲೆಯ ಎರಡು ಪಕ್ಕಗಳಲ್ಲಿ ಕಣ್ಣುಗಳಿರುವುದರಿಂದ ಕುದುರೆಗೆ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬಿದ್ದರೆ ಅದು ದುಷ್ಟತನವಲ್ಲ, ಭಯ. ಮಾತನಾಡಿಸುತ್ತ ಎಡಭುಜದ ಕಡೆಯಿಂದ ಸಮೀಪಿಸುವುದು ಕ್ರಮ. ಅಂಥ ಪ್ರಾಣಿಯ ಬೆನ್ನಮೇಲೆ ವರನನ್ನು ಕೂರಿಸಿ, ಅದರ ಹಿಂದೆಯೇ ಪಟಾಕಿ ಹಚ್ಚುವವರಿಗೆ ಏನೆನ್ನೋಣ!

ಸವಾರನು ಏರುವ ಮುನ್ನ ನಾಲ್ಕು ಗೊರಸುಗಳನ್ನೂ ಎತ್ತಿ ನೋಡಲಿ: ಕಲ್ಲು ಸಿಕ್ಕಿದೆಯೆ, ಲಾಳ ಸಡಿಲವಾಗಿದೆಯೆ? ಮೊಳೆ ನೆಟ್ಟ ಗಾಯದಿಂದ ಧನುರ್ವಾಯು ತಗಲಬಹುದು, ಅದಕ್ಕೆ ಲಸಿಕೆಯುಂಟು. ಜೀನಿನ ಕೆಳಗಿನ ಬಟ್ಟೆ ಮುದುರಿದರೆ ಬೆನ್ನು ಹುಣ್ಣಾಗುತ್ತದೆ. ಹೊಟ್ಟೆಯ ಪಟ್ಟಿಯನ್ನು ಬಿಗಿಯುವಾಗ ಕೆಲವು ಕುದುರೆಗಳು ಉಬ್ಬಿಕೊಂಡು ನಿಲ್ಲುತ್ತವೆ; ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯಬೇಕು. ರಿಕಾಪಿನಲ್ಲಿ ಸಿಕ್ಕಿಕೊಳ್ಳದಂತೆ ಹಿಮ್ಮಡಿಯುಳ್ಳ ಜೋಡು, ಸವಾರಿಗೆಂದೇ ಮಾಡಿದ ಗಟ್ಟಿ ಶಿರಸ್ತ್ರಾಣ, ಇವೆರಡೂ ಬೇಕೇಬೇಕು. ಲಗಾಮನ್ನು ಕೈಗೆ ಸುತ್ತಿಕೊಂಡವನು ಬಿದ್ದರೆ ಕುದುರೆಯೊಡನೆ ಎಳೆದುಹೋಗುತ್ತಾನೆ.

ಬನಶಂಕರಿಯಾಚೆ ತುರಹಳ್ಳಿಯ ಕಡೆಯ ನೆಲದಂತೆ ಬಂಡೆಯೂ ಜಲ್ಲಿಯೂ ಇರುವೆಡೆ ಏರಿನಲ್ಲಿ ಮುಂದಕ್ಕೆ ಬಾಗಿ ಬೆನ್ನಿನ ಭಾರವನ್ನು ಇಳಿಸಬೇಕು. ಇಳಿಜಾರಿನಲ್ಲಿ ನಡಿಗೆಯ ಹೊರತು ಬೇರೆ ಗತಿ ಕೂಡದು. ಮುಂದಿನ ಕುದುರೆಗೂ ತನ್ನದಕ್ಕೂ ಒಂದು ಕುದುರೆಯ ಉದ್ದಕ್ಕಿಂತ ಹೆಚ್ಚು ಅಂತರವಿರಲಿ. ಮಳೆ ಬಿದ್ದ ಟಾರುರಸ್ತೆಯಲ್ಲಿ ಕಬ್ಬಿಣದ ಲಾಳ ಜಾರುತ್ತದೆ.

ಬಂಡಿ ಎಳೆಯುವ, ಭಾರ ಹೊರುವ ಪ್ರಾಣಿಗಳ ರಕ್ಷಣೆಗೆ 1965ರ ಕೇಂದ್ರ ನಿಯಮಗಳಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತಲೂ, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತಲೂ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಕೂಡದು. ನಮ್ಮ ಊರಿನಲ್ಲಿ 37 ಡಿಗ್ರಿ ಅಪರೂಪವೇನೋ ಸರಿ. ಆದರೆ ಕಾದ ಟಾರಿನ ಮೇಲೆ ನಿಂತ ಕುದುರೆಗೆ ಆ ಸಮಾಧಾನ ಸಾಲದು.

ಸವಾರಿ ಮುಗಿದಮೇಲೆ ಕಡೆಯ ಅರ್ಧ ಮೈಲಿಯಾದರೂ ನಿಧಾನವಾಗಿ ನಡೆಸಿಕೊಂಡು ಬಂದು, ಜೀನು ಬಿಚ್ಚಿ, ಬೆವರು ಒರೆಸಿ, ನೀರು ಕೊಡಬೇಕು. ಕುದುರೆಯು ಮೇವು ಬಿಟ್ಟು, ಪಕ್ಕೆಯ ಕಡೆಗೆ ತಿರುತಿರುಗಿ ನೋಡುತ್ತ, ಕಾಲು ಕೆರೆದು ಹೊರಳಾಡತೊಡಗಿದರೆ ಅದು ಉದರಶೂಲೆಯೆಂದು ತಿಳಿಯುವುದು. ಆಗ ಕಷಾಯವನ್ನು ಬಾಯಿಗೆ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮುಂದಿದ್ದ ಕಾಳನ್ನೆಲ್ಲ ತೆಗೆದುಬಿಟ್ಟು, ತಡಮಾಡದೆ ಪಶುವೈದ್ಯರನ್ನು ಕರೆಸಿರಿ. ನಗರದ ಪಶುವೈದ್ಯ ಕಾಲೇಜು ಇರುವುದು ಉತ್ತರದ ಹೆಬ್ಬಾಳದಲ್ಲಿ; ದಕ್ಷಿಣದಲ್ಲಿ ಕುದುರೆ ಸಾಕಿದವರು ಸಮೀಪದ ವೈದ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.