ರಸ್ತೆ ಊರು ಬಿಟ್ಟು ಹೋದ ಮೇಲೆ

(ಟ್ರಸ್ಟಿನ 2023-24ನೇ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ‘ಸಣ್ಣ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣದ ಬಳಕೆ’ ಎಂಬ ವಿಷಯದ ಮೇಲೆ ಚನ್ನಪಟ್ಟಣದ ಬೊಂಬೆ ತಯಾರಕರ ಕುಟುಂಬದ ಸಹೋದರಿಯೊಬ್ಬರು ಮಾಡಿದ ಭಾಷಣ. ಇವರು ನಮ್ಮ ಟ್ರಸ್ಟಿನ ಹಿಂದಿನ ಫಲಾನುಭವಿ.)

 



ಎಂಟು ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೆಯೇ ಕೆಳಗೆ ಕುಳಿತು ನನ್ನ ಹೆಸರು ಕರೆಯುವುದನ್ನು ಕಾಯುತ್ತಿದ್ದೆ. ಬಿ.ಕಾಂ. ಮೊದಲನೇ ವರ್ಷದ ಫೀಸು ಕಟ್ಟಲು ಅಂದು ಸಿಕ್ಕ ಚೆಕ್ಕನ್ನು ಅಮ್ಮಿ ಸೆರಗಿನಲ್ಲಿ ಸುತ್ತಿ ಊರಿನವರೆಗೂ ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಈ ವೇದಿಕೆಯ ಮೇಲೆ ನಿಂತು ಮಾತನಾಡುವಷ್ಟು ದೊಡ್ಡ ವ್ಯಾಪಾರ ನಮ್ಮದಲ್ಲ. ಅಧ್ಯಕ್ಷರು, "ದೊಡ್ಡ ಮಾತು ಬೇಡಮ್ಮ, ನಿಮ್ಮ ಮನೆಯಲ್ಲಿ ಆದದ್ದನ್ನು ಹೇಳು ಸಾಕು" ಎಂದರು. ಅದನ್ನೇ ಹೇಳುತ್ತೇನೆ.

ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮೈಸೂರು ರಸ್ತೆಯಲ್ಲಿದೆ. ಹಳೆಯ ರಸ್ತೆ ಊರಿನ ನಡುವೆಯೇ ಹೋಗುತ್ತಿತ್ತು. ಎರಡೂ ಬದಿಗೆ ಬೊಂಬೆ ಅಂಗಡಿಗಳು. ಮೈಸೂರಿಗೆ ಹೋಗುವವರು ಚಹಾಕ್ಕೆಂದು ಕಾರು ನಿಲ್ಲಿಸುತ್ತಿದ್ದರು, ಮಗು ಅಂಗಡಿಯ ಮುಂದಿನ ಮರದ ಕುದುರೆಯನ್ನು ಕಂಡು ಹಟ ಮಾಡುತ್ತಿತ್ತು, ವ್ಯಾಪಾರ ಆಗುತ್ತಿತ್ತು. ನಮ್ಮ ಅಬ್ಬಾಗೆ ಸ್ವಂತ ಅಂಗಡಿ ಇಲ್ಲ. ಮನೆಯ ಮುಂಭಾಗದಲ್ಲಿ ಒಂದು ಲೇತ್ ಮೆಷಿನ್ ಇಟ್ಟುಕೊಂಡು ಬೊಂಬೆ ಮಾಡಿ ಡಜನ್ ಲೆಕ್ಕದಲ್ಲಿ ಅಂಗಡಿಗಳಿಗೆ ಕೊಡುತ್ತಿದ್ದರು. ಮೂವತ್ತೈದು ವರ್ಷ ಹೀಗೇ ನಡೆಯಿತು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಲೋಕಾರ್ಪಣೆ ಆಯಿತು. ಅದು ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿ ಹೋಗುತ್ತದೆ. ನಾನು ರಸ್ತೆಯನ್ನು ದೂರುವುದಿಲ್ಲ. ರೋಗಿಗಳಿಗೆ, ದಿನಾ ಓಡಾಡುವವರಿಗೆ ಅದರಿಂದ ಅನುಕೂಲವೇ ಆಗಿದೆ. ಆದರೆ ಊರೊಳಗೆ ಬರುವ ಕಾರುಗಳು ಕಡಿಮೆಯಾದವು. ಅಂಗಡಿಯವರು ಅಬ್ಬಾಗೆ, "ಭಾಯ್, ಹಳೇ ಮಾಲೇ ಹಾಗೇ ಇದೆ, ಮುಂದಿನ ತಿಂಗಳು ನೋಡೋಣ" ಎನ್ನತೊಡಗಿದರು. ವಾರದಲ್ಲಿ ಮೂರು ದಿನ ಮೆಷಿನ್ ಸುಮ್ಮನೆ ನಿಲ್ಲುತ್ತಿತ್ತು. ತಮ್ಮನ ಡಿಪ್ಲೊಮಾ ಸೀಟಿನ ಫೀಸು ಕಟ್ಟುವ ಸಮಯ ಅದು. ಒಂದು ರಾತ್ರಿ ಊಟದ ಹೊತ್ತಿಗೆ ಅಬ್ಬಾ, "ಮೆಷಿನ್ ಮಾರಿಬಿಡುತ್ತೇನೆ, ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ ಕೇಳಿದ್ದೇನೆ" ಎಂದರು. ಅಮ್ಮಿ ಏನೂ ಹೇಳಲಿಲ್ಲ. ಅಂದು ನಾನು, "ನನಗೆ ನಾಲ್ಕು ತಿಂಗಳು ಕೊಡಿ ಅಬ್ಬಾ, ಗಿರಾಕಿ ಊರಿಗೆ ಬರದಿದ್ದರೆ ನಾವು ಫೋನಿನಲ್ಲಿ ಅವರ ಮನೆಗೆ ಹೋಗೋಣ" ಎಂದೆ.

ಹೇಳುವುದು ಸುಲಭ. ಮೊದಲ ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ನಲವತ್ತು ಬೊಂಬೆಗಳ ಫೋಟೋ ತೆಗೆದು, ಹೂವು ನಕ್ಷತ್ರ ಎಲ್ಲ ಅಂಟಿಸಿ, "ಬೆಲೆಗೆ ಮೆಸೇಜ್ ಮಾಡಿ" ಎಂದು ಹಾಕಿದೆ. ನೆಂಟರು ಲೈಕ್ ಒತ್ತಿದರು. ಒಬ್ಬರೂ ಕೊಳ್ಳಲಿಲ್ಲ.

ಒಂದು ಸಂಜೆ ಅಬ್ಬಾ ಕೆಲಸ ಮಾಡುತ್ತಿದ್ದಾಗ ಸುಮ್ಮನೆ ಫೋನ್ ಹಿಡಿದೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿತ್ತು. ಅಬ್ಬಾ ಉಳಿ ಹಿಡಿದು ಅದಕ್ಕೆ ಆಕಾರ ಕೊಟ್ಟರು. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜುವ ಬಿಸಿಗೇ ಅರಗು ಕರಗಿ ಮರದ ಸುತ್ತ ಹಳದಿ ಹರಡಿಕೊಂಡಿತು. ತಾಳೆ ಗರಿಯಿಂದ ಒತ್ತಿ ಉಜ್ಜಿದಾಗ ಹೊಳಪು ಬಂತು. ನಲವತ್ತು ಸೆಕೆಂಡಿನ ವಿಡಿಯೋ. ಹಾಡಿಲ್ಲ, ಮೆಷಿನಿನ ಸದ್ದು ಮಾತ್ರ. ಅಬ್ಬಾನ ಮುಖವೂ ಇಲ್ಲ, ಕೈಗಳಷ್ಟೇ. ಕೆಳಗೆ ಬೆಲೆಯನ್ನು ಸ್ಪಷ್ಟವಾಗಿ ಬರೆದೆ. ಆ ವಾರ ಹನ್ನೊಂದು ಜನ ವಿಚಾರಿಸಿದರು, ನಾಲ್ವರು ಕೊಂಡರು.

ಇಲ್ಲಿರುವ ತಾಯಂದಿರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತೇನೆ. ಹೊಲಿಗೆ ಮಾಡುವವರಿರಬಹುದು, ಮಸಾಲೆ ಪುಡಿ, ಉಪ್ಪಿನಕಾಯಿ ಮಾಡುವವರಿರಬಹುದು. ಮುಖ ತೋರಿಸಲೇಬೇಕು, ಕುಣಿಯಲೇಬೇಕು ಎಂದೇನೂ ಇಲ್ಲ. ಕೆಲಸ ಮಾಡುವ ಕೈ ತೋರಿಸಿದರೆ ಸಾಕು. ವಸ್ತು ಹೇಗೆ ಆಗುತ್ತದೆ ಎಂದು ನೋಡಿದ ಗಿರಾಕಿ ಬೆಲೆಗೆ ಚೌಕಾಸಿ ಮಾಡುವುದೂ ಕಡಿಮೆ.

ಆಗ ಹುಬ್ಬಳ್ಳಿಯ ಒಬ್ಬ ತಾಯಿ, "ನನ್ನ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ, ಈ ಬಣ್ಣ ನೈಸರ್ಗಿಕವೇ?" ಎಂದು ಕೇಳಿದರು. ‘ಹೌದು’ ಎಂದು ಬರೆಯಲು ಬೆರಳು ಇಟ್ಟಿದ್ದೆ. ಯಾಕೋ ಅಬ್ಬಾನನ್ನು ಕೇಳಿದೆ. ಅಬ್ಬಾ ಹೇಳಿದರು, "ಆ ಹಳದಿ ಅರಿಶಿನದ್ದು. ಆದರೆ ಗಾಡಿಯ ಚಕ್ರದ ಕಪ್ಪು ಅಂಗಡಿಯಿಂದ ತಂದ ಬಣ್ಣ. ಎಲ್ಲಾ ನೈಸರ್ಗಿಕ ಅಂತ ಬರೀಬೇಡ ಬೇಟಿ. ಬಾಯಿಗೆ ಹಾಕೋ ಮಗೂಗೆ ಸಣ್ಣ ಮಣಿ ಇರೋದೂ ಬೇಡ." ಹಾಗೆಯೇ ಬರೆದೆ. ಆಕೆ ಗಾಡಿ ಬಿಟ್ಟು ಹಳದಿ ಗಿಲಕಿ ತರಿಸಿಕೊಂಡರು. ತಿಂಗಳ ನಂತರ ಅವರ ಪರಿಚಯದಿಂದಲೇ ಇನ್ನೂ ಆರು ಮಂದಿ ಬಂದರು. ತೂಕದಲ್ಲಿ ಮೋಸ ಮಾಡಬಾರದು ಎಂದು ಮಕ್ಕಳಾಗಿದ್ದಾಗಿನಿಂದ ಕೇಳಿದ್ದೇವೆ. ಫೋಟೋದಲ್ಲಿ, ಬರಹದಲ್ಲಿ ಮಾಡುವ ಮೋಸವೂ ಅದೇ ತಕ್ಕಡಿಗೆ ಸೇರುತ್ತದೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆಲ್ಲೋ ತಯಾರಾದ ಮಾಲಿಗೆ ನಮ್ಮ ಊರಿನ ಹೆಸರಿಟ್ಟು ಮಾರುವವರನ್ನು ನಾವು ದೂರುತ್ತೇವೆ. ಹಾಗಾದರೆ ನಮ್ಮ ಮಾತು ಮೊದಲು ಸರಿ ಇರಬೇಕು.

ಇನ್ನು ಲೆಕ್ಕದ ವಿಷಯ. ಎರಡನೇ ತಿಂಗಳು ಆರ್ಡರ್ ಚೆನ್ನಾಗಿ ಬಂತು, ನಾನು ಹಿಗ್ಗಿದೆ. ತಿಂಗಳ ಕೊನೆಗೆ ಪುಸ್ತಕ ತೆಗೆದು ಕೂತೆ. 350 ರೂಪಾಯಿಯ ಒಂದು ಆಟಿಕೆ. ಮರ, ಅರಗು 70 ರೂ., ಡಬ್ಬ ಮತ್ತು ಪ್ಯಾಕಿಂಗ್ 30 ರೂ., ಅಂಚೆ 75 ರೂ. ಉಳಿದದ್ದು 175. ಅಬ್ಬಾಗೆ ಅದನ್ನು ಮಾಡಲು ನಾಲ್ಕು ಗಂಟೆ ಬೇಕು. ಗಾರೆ ಕೆಲಸದವರ ಅರ್ಧ ದಿನದ ಕೂಲಿಗೂ ಅದು ಸಮ ಆಗಲಿಲ್ಲ. ‘ಡೆಲಿವರಿ ಫ್ರೀ’ ಎಂದು ನಾನು ಹಾಕಿದ್ದರ ಹಣ ಅಬ್ಬಾನ ಕೂಲಿಯಿಂದ ಹೋಗುತ್ತಿತ್ತು. ಬಿ.ಕಾಂ. ಓದಿದವಳು ನಾನು! ಅಂದಿನಿಂದ ಅಂಚೆ ಖರ್ಚು ಬೇರೆ ಬರೆದೆವು, ಕೂಲಿಯನ್ನು ಬೆಲೆಯಲ್ಲಿ ಸೇರಿಸಿದೆವು. ಕೆಲವರು ಬಿಟ್ಟು ಹೋದರು. ಉಳಿದವರಿಂದ ಮನೆ ನಡೆಯಿತು.

ಸಾಧನಗಳ ಬಗ್ಗೆ ಎರಡು ಮಾತು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ ನಮ್ಮಂಥವರಿಗೆ ಸಾಕು. ಅದರಲ್ಲಿ ಕ್ಯಾಟಲಾಗ್ ಇದೆ, ವಸ್ತುವಿನ ಫೋಟೋ ಮತ್ತು ಬೆಲೆ ಒಮ್ಮೆ ಹಾಕಿದರೆ ಎಲ್ಲರಿಗೂ ಪದೇ ಪದೇ ಕಳಿಸಬೇಕಿಲ್ಲ. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಆದ್ದರಿಂದ ಇಂದಿನ ಹೊಸ ಮಾಲಿಗೆ ಮಾತ್ರ ಅದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಅದಕ್ಕೇ ಪ್ರತಿ ಡಬ್ಬದೊಳಗೆ ಒಂದು ಚೀಟಿ ಇಡುತ್ತೇವೆ: "ನಮ್ಮ ನಂಬರ್ ಉಳಿಸಿಕೊಳ್ಳಿ." ಹೊಸಬರಿಗೆ ನಮ್ಮ ಪರಿಚಯ ಆಗಲು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಒಳ್ಳೆಯವು. ಹಳಬರು ಮತ್ತೆ ಬರಲು ವಾಟ್ಸ್‌ಆ್ಯಪ್ ಒಳ್ಳೆಯದು.

ಮೋಸದ ಬಗ್ಗೆಯೂ ಎಚ್ಚರ ಬೇಕು. "ನಾನು ಸೇನೆಯಲ್ಲಿದ್ದೇನೆ, ಐವತ್ತು ಬೊಂಬೆ ಬೇಕು, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ" ಎಂದು ಒಬ್ಬ ನಮಗೂ ಫೋನ್ ಮಾಡಿದ್ದ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹೋಗುವುದು ನಮ್ಮ ಹಣ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ, ನಿಮ್ಮ ಖಾತೆಗೆ ಹಣ ಬಂದಿದೆಯೇ ನೋಡಿ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ತಡ ಮಾಡಬೇಡಿ.

ಇಷ್ಟೆಲ್ಲ ತಿಳಿದ ನಾನೇ ಎಡವಿದೆ. ಕಳೆದ ದಸರಾಕ್ಕೆ ಹತ್ತು ದಿನ ಇತ್ತು. ಮನೆಮನೆಯಲ್ಲಿ ಬೊಂಬೆ ಕೂರಿಸುವ ಹಬ್ಬ, ನಮಗೆ ವರ್ಷದ ದೊಡ್ಡ ವ್ಯಾಪಾರ. ನಮ್ಮ ಪುಟವನ್ನು ಆಗ ಮೂರು ಸಾವಿರ ಜನ ನೋಡುತ್ತಿದ್ದರು. ಪರಿಚಯದವರ ಹೆಸರಿನಲ್ಲಿ ಒಂದು ಮೆಸೇಜ್ ಬಂತು, "ತಪ್ಪಿ ನಿಮ್ಮ ನಂಬರಿಗೆ ನನ್ನ ಒಟಿಪಿ ಬಂದಿದೆ, ಸ್ವಲ್ಪ ಕಳಿಸಿ" ಎಂದು. ಪ್ಯಾಕಿಂಗ್ ಗಡಿಬಿಡಿಯಲ್ಲಿ ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಪುಟ ನಮ್ಮ ಕೈಯಲ್ಲಿ ಇರಲಿಲ್ಲ. ಮತ್ತೆ ಸಿಗಲೂ ಇಲ್ಲ. ನಾನು ಅಳುತ್ತಾ ಹೇಳಿದಾಗ ಅಬ್ಬಾ ಲೇತ್ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ರಸ್ತೆ ಮತ್ತೆ ಬದಲಾಯ್ತಾ?"

ಹೌದು, ಬದಲಾಗಿತ್ತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದರಲ್ಲೇ ಹೆಸರು ಮಾಡಿದ್ದವರ ಪುಟಗಳೂ ಹಾಗೆಯೇ ಹೋದವು. ಜಾಲತಾಣ ಬಾಡಿಗೆ ಜಾಗ. ಗಿರಾಕಿ ಅಲ್ಲಿಂದ ಬರಲಿ, ಆದರೆ ಅವರ ಹೆಸರು ನಮ್ಮ ಮನೆಯ ಪುಸ್ತಕದಲ್ಲಿ ಇರಬೇಕು.

ನಮ್ಮನ್ನು ಅಂದು ಉಳಿಸಿದ್ದು ಆ ಪುಸ್ತಕವೇ. ಕೊಂಡವರ ಹೆಸರು, ಊರು, ನಂಬರು, ಏನು ಕೊಂಡರು ಎಂದು ಅಮ್ಮಿ ಮೊದಲ ದಿನದಿಂದ ಉರ್ದುವಿನಲ್ಲಿ ಬರೆದಿಟ್ಟಿದ್ದರು. ಫೋನ್ ಇರುವಾಗ ಇದೇಕೆ ಎಂದು ನಾನೇ ನಕ್ಕಿದ್ದೆ. ಅದರಲ್ಲಿ 212 ಹೆಸರಿದ್ದವು. ತಮ್ಮ ಓದಿ ಹೇಳಿದ, ನಾನು ಒಬ್ಬೊಬ್ಬರಿಗೂ ಬರೆದೆ: "ನಮ್ಮ ಪುಟ ಕಳೆದುಹೋಗಿದೆ. ಆ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ದಸರಾ ಬೊಂಬೆ ಬೇಕಿದ್ದರೆ ಈ ನಂಬರಿಗೆ ತಿಳಿಸಿ." ಹಬ್ಬದೊಳಗೆ ನಲವತ್ತೊಂದು ಮನೆಗಳಿಗೆ ಪೆಟ್ಟಿಗೆ ಹೋಯಿತು. ಹುಬ್ಬಳ್ಳಿಯ ಆ ತಾಯಿ ಮೊದಲು ಉತ್ತರಿಸಿದವರು. ಈಗ ಎಲ್ಲ ಖಾತೆಗಳಿಗೂ ಎರಡು ಹಂತದ ಪಿನ್ ಹಾಕಿದ್ದೇವೆ. ಇದಕ್ಕೆ ಹಿಡಿಯುವುದು ಎರಡು ನಿಮಿಷ, ಮನೆಗೆ ಹೋದ ಕೂಡಲೇ ನೀವೂ ಮಾಡಿ.

ವಿದ್ಯಾರ್ಥಿಗಳೇ, ಈಗ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಳ್ಳೆಯ ಕೈಕೆಲಸ ಬಲ್ಲ, ಫೋನ್ ಬಾರದ ಒಬ್ಬರು ಇದ್ದೇ ಇರುತ್ತಾರೆ. ಭಾನುವಾರ ಒಂದು ಗಂಟೆ ಅವರಿಗೆ ಕೊಡಿ. ಆದರೆ ಖಾತೆ ಅವರ ನಂಬರಿನಲ್ಲೇ ತೆರೆಯಿರಿ, ಪಾಸ್‌ವರ್ಡ್ ಅವರ ಪುಸ್ತಕದಲ್ಲೇ ಬರೆಯಿಸಿ. ನಾಳೆ ನೀವು ಕೆಲಸಕ್ಕೆಂದು ಬೆಂಗಳೂರಿಗೋ ಗಲ್ಫಿಗೋ ಹೋದಾಗ ಅವರ ಅಂಗಡಿಯ ಬೀಗದ ಕೈ ನಿಮ್ಮ ಜೇಬಿನಲ್ಲಿ ಹೋಗಬಾರದು. ಆ ಒಂದು ಗಂಟೆ ಮುಗಿದ ಮೇಲೆ ಫೋನ್ ಬದಿಗಿಟ್ಟು ಓದಿಗೆ ಕೂರಿ. ಟ್ರಸ್ಟು ನಿಮಗೆ ಹಣ ಕೊಡುತ್ತಿರುವುದು ಅದಕ್ಕೆ.

ನಾವು ಶ್ರೀಮಂತರಾಗಿಲ್ಲ. ಅಬ್ಬಾ ಈಗಲೂ ಅರ್ಧ ಮಾಲನ್ನು ಅಂಗಡಿಗಳಿಗೇ ಕೊಡುತ್ತಾರೆ. ಆದರೆ ಲೇತ್ ವಾರಕ್ಕೆ ಆರು ದಿನ ತಿರುಗುತ್ತದೆ, ಸೆಕ್ಯೂರಿಟಿ ಕೆಲಸದ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ತಮ್ಮನ ಎರಡನೇ ವರ್ಷದ ಫೀಸನ್ನು ನಾವೇ ಕಟ್ಟಿದ್ದೇವೆ. ಅದಕ್ಕಾಗಿ ಈ ವರ್ಷ ಅವನು ಇಲ್ಲಿ ಅರ್ಜಿ ಹಾಕಲಿಲ್ಲ. ಅವನ ಜಾಗದಲ್ಲಿ ನಿಮ್ಮಲ್ಲೊಬ್ಬರು ಇಂದು ಕುಳಿತಿದ್ದೀರಿ. ಅದೇ ನನಗೆ ಸಂತೋಷ.

ಅಲ್ಲಾಹನು ಎಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ, ಆಮೀನ್.